ಎಂಟು ಸೆಕೆಂಡಿನ ಮಂಪರು

ನಾಡಿನ ಮೊಬೈಲ್ ಕಂಬಗಳೆಲ್ಲ ಮಧ್ಯಾಹ್ನ ಉಂಡ ಮೇಲೆ ಒಂದು ಕೋಳಿನಿದ್ದೆ ತೆಗೆದರೆ ಏನಾಗುತ್ತದೆ? ಈ ಪ್ರಶ್ನೆ ಕೇಳಿದವಳು ಡಾ. ಶಿವಗಂಗಾ ಕೊಡೇಕಲ್. ಕೇಳಿದಾಗ ಅವಳಿಗೆ ಮೂವತ್ತೆಂಟು ವರ್ಷ, ಉತ್ತರ ಕಂಡುಕೊಳ್ಳುವಷ್ಟರಲ್ಲಿ ನಲವತ್ತಾರು. ಆ ಉತ್ತರಕ್ಕೆ ಹುಬ್ಬಳ್ಳಿಯಲ್ಲಿ ಶಾಲು ಹೊದಿಸಿದರು, ದಿಲ್ಲಿಯಲ್ಲಿ ಫಲಕ ಕೊಟ್ಟರು. ಶಾಲು ಈಗಲೂ ಅವಳ ಮನೆಯ ಕಪಾಟಿನಲ್ಲಿದೆ. ಅದರ ಮಡಿಕೆ ಬಿಚ್ಚಲು ಅವಳಿಗೆ ಮುಖವಿಲ್ಲ.

ಹಿಂದೆ ಪ್ರತಿ ಮೊಬೈಲ್ ಗೋಪುರದ ಬುಡದಲ್ಲೂ ಒಂದು ತಗಡಿನ ಕೋಣೆ ಇರುತ್ತಿತ್ತು. ಅದರೊಳಗೆ ಗೋಪುರದ ಮಿದುಳು, ಮಿದುಳು ಕಾಯದಿರಲೆಂದು ಅದಕ್ಕೊಂದು ಏ.ಸಿ. ಊರ ಜನ ಬೀಸಣಿಗೆ ಬೀಸಿಕೊಂಡು ಒದ್ದಾಡುತ್ತಿದ್ದರೆ ಪೆಟ್ಟಿಗೆ ಮಾತ್ರ ತಣ್ಣಗೆ ಕೂತಿರುತ್ತಿತ್ತು. ಕ್ಲೌಡ್ ಬಂದ ಮೇಲೆ ಆ ಮಿದುಳುಗಳನ್ನೆಲ್ಲ ಕಿತ್ತು ತಂದು ಹುಬ್ಬಳ್ಳಿಯ ಹೊರಗೆ ಒಂದೇ ಕಟ್ಟಡದಲ್ಲಿ ಕೂಡಿಟ್ಟರು. ಕಂಬಗಳ ಮೇಲೆ ಉಳಿದದ್ದು ಕಿವಿ ಮತ್ತು ಬಾಯಿ ಮಾತ್ರ, ಯೋಚನೆಯೆಲ್ಲ ಹುಬ್ಬಳ್ಳಿಯಲ್ಲಿ. ಜನ ಅದನ್ನು ಮೋಡಮನೆ ಎಂದು ಕರೆದರು. ಅಷ್ಟಾದರೂ ವಿದ್ಯುತ್ತಿನ ಹಸಿವು ಇಂಗಲಿಲ್ಲ. ಯಾರೂ ಮಾತಾಡದ ಹೊತ್ತಿನಲ್ಲೂ ಲಕ್ಷಗಟ್ಟಲೆ ಕಿವಿಗಳು ನೆಟ್ಟಗೆ ನಿಂತು ಕೇಳಿಸಿಕೊಳ್ಳುತ್ತಲೇ ಇರುತ್ತಿದ್ದವು, ತಿನ್ನುತ್ತಲೇ ಇರುತ್ತಿದ್ದವು.

ಶಿವಗಂಗಾ ಕಟ್ಟಿದ ಯೋಜನೆಯ ಹೆಸರು ‘ಮಂಪರು’. ಯಾವ ಕಂಬದಲ್ಲಿ ಕೆಲಸವಿಲ್ಲವೋ ಅದನ್ನು ಮಲಗಿಸುವುದು, ಯಾರಾದರೂ ಕರೆದರೆ ಎಬ್ಬಿಸುವುದು. ತಾಯಿ ಕೂಸನ್ನು ಮಲಗಿಸಿದಷ್ಟೇ ಸರಳ. ಆದರೆ ಕೆಲಸವಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೊಂದು ಭಾಗಾಕಾರ ಮಾಡಿದಳು. ಮೇಲೆ ಸಾಗಿದ ಮಾತು, ಕೆಳಗೆ ಖರ್ಚಾದ ವಿದ್ಯುತ್ತು. ಉತ್ತರ ಕಡಿಮೆ ಬಂದ ಕಂಬಕ್ಕೆ ಜೋಗುಳ.

ಇಲ್ಲೇ ಒಂದು ಸಣ್ಣ ತೊಡಕು ಎದುರಾಯಿತು. ಫೋನು ಬಾರಿಸಿತು, ಯಾರೂ ಎತ್ತಲಿಲ್ಲ. ಅದು ಮಾತೋ ಅಲ್ಲವೋ? ಸಮಿತಿಯ ಸಭೆಯಲ್ಲಿ ಈ ಚರ್ಚೆ ನಡೆಯುತ್ತಿದ್ದಾಗ ಗಂಟೆ ಸರಿಯಾಗಿ ನಾಲ್ಕು. ಶಿವಗಂಗಾಳ ಫೋನು ಒಮ್ಮೆ ಟ್ರಿಣ್ ಎಂದು ಸುಮ್ಮನಾಯಿತು. ಅವಳು ನಗುತ್ತ ಅದನ್ನೆತ್ತಿ ಎಲ್ಲರಿಗೂ ತೋರಿಸಿದಳು. “ನೋಡಿ, ಉದಾಹರಣೆ ತಾನಾಗಿಯೇ ಬಂತು. ಇದು ನಮ್ಮ ಚಿಗವ್ವನದು. ದಿನಾ ನಾಲ್ಕು ಗಂಟೆಗೆ ಬರುತ್ತದೆ. ನಾನು ಎತ್ತುವುದಿಲ್ಲ, ಅವಳು ಮಾತಾಡುವುದಿಲ್ಲ. ಎಂಟು ಯಂತ್ರಗಳು ಎಚ್ಚರಾಗಿ ಓಡಾಡಿ, ಒಂದು ಅಕ್ಷರವೂ ಸಾಗದೆ ಮಲಗುತ್ತವೆ. ಇದನ್ನು ಮಾತು ಅನ್ನೋಣವೇ?”

ಸಭೆ ಗೊಳ್ಳೆಂದು ನಕ್ಕಿತು. ಎತ್ತದ ಕರೆ ಮಾತಲ್ಲ, ಕಸ ಎಂದು ಠರಾವಾಯಿತು. ಅಂದು ತಾನು ಎಷ್ಟು ಚೆನ್ನಾಗಿ ನಕ್ಕಿದ್ದೆ ಎಂಬುದನ್ನು ಶಿವಗಂಗಾ ಆಮೇಲೆ ಎಷ್ಟೋ ಸಲ ನೆನೆಸಿಕೊಳ್ಳಬೇಕಾಯಿತು.

ಮಂಪರಿನ ಎರಡನೆಯ ಹಂತ ಗಾಢ ನಿದ್ದೆಯದು. ಅದನ್ನು ಕೃಷ್ಣಾ ನದಿಯ ದಂಡೆಯ ಊರುಗಳಲ್ಲಿ ಪರೀಕ್ಷೆಗೆ ಬಿಟ್ಟು ಹನ್ನೊಂದು ದಿನವಾಗಿತ್ತು. ನಡುಹಗಲು ಹನ್ನೆರಡರಿಂದ ಐದರವರೆಗೆ ಆ ಭಾಗದ ಕಂಬಗಳು ಗಡದ್ದಾಗಿ ಮಲಗುತ್ತಿದ್ದವು. ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ನದಿಯುದ್ದಕ್ಕೂ ಹಸಿರು ಚುಕ್ಕಿಗಳು ಒಂದೊಂದಾಗಿ ನೀಲಿಯಾಗುವುದನ್ನು ನೋಡುವುದೇ ಒಂದು ಸೊಗಸು. ವಿದ್ಯುತ್ತಿನ ಉಳಿತಾಯ ನೂರಕ್ಕೆ ನಲವತ್ತೊಂದು. ದೂರುಗಳು ಸೊನ್ನೆ. ನಿರ್ದೇಶಕ ಮೃತ್ಯುಂಜಯ ಅಂಗಡಿ ದಿನಕ್ಕೆರಡು ಸಲ ಬಂದು ಆ ಸೊನ್ನೆಯನ್ನು ಕಣ್ತುಂಬ ನೋಡಿ ಹೋಗುತ್ತಿದ್ದರು. ಮುಂದಿನ ಸೋಮವಾರ ಯೋಜನೆಯನ್ನು ಇಡೀ ರಾಜ್ಯಕ್ಕೆ ಹರಡುವ ಸಭೆ ಇತ್ತು.

ಗುರುವಾರ ಊಟದ ಹೊತ್ತಿಗೆ ಗೇಟಿನಿಂದ ಸುದ್ದಿ ಬಂತು. ಯಾರೋ ಒಬ್ಬ ಅಜ್ಜಿ ಬಂದಿದ್ದಾಳೆ, ಒಳಗೆ ಬಾ ಎಂದರೆ ಬರುವುದಿಲ್ಲ, ಶಿವಗಂಗಾ ಇದ್ದಾಳೋ ಇಲ್ಲವೋ ಅಷ್ಟು ಹೇಳಿ ಸಾಕು ಎನ್ನುತ್ತಾಳೆ.

ಶಿವಗಂಗಾ ಓಡಿದಳು. ಗೇಟಿನ ಪಕ್ಕದ ಬೇವಿನ ನೆರಳಿನಲ್ಲಿ ಅವಳ ಚಿಗವ್ವ ಪಾರವ್ವ ನಿಂತಿದ್ದಳು. ತಾಯಿ ತೀರಿಕೊಂಡಾಗ ಆರು ವರ್ಷದ ಶಿವಗಂಗಾಳನ್ನು ಸೊಂಟದ ಮೇಲೆ ಹೊತ್ತುಕೊಂಡು ಹೋಗಿ, ಕೃಷ್ಣೆಯ ನಡುಗಡ್ಡೆ ಹಾಲಗಡ್ಡಿಯಲ್ಲಿ ಸಾಕಿ ಬೆಳೆಸಿದವಳು. ಕೈಯಲ್ಲಿ ಮರಳಿನಲ್ಲಿ ಬೆಳೆದ ಸೌತೆಕಾಯಿಗಳ ಚೀಲ. ಎಡಗಣ್ಣಿನ ಆಪರೇಷನ್ ಆದ ಮೇಲೆ ಹಾಕಿಕೊಂಡ ಕಪ್ಪು ಕನ್ನಡಕ. ಅವಳು ಏನೂ ಮಾತಾಡದೆ ಶಿವಗಂಗಾಳ ಗಲ್ಲ ಮುಟ್ಟಿದಳು, ತೋಳು ಹಿಚುಕಿ ನೋಡಿದಳು.

“ಅದೀಯಲ್ಲ ನನ್ನವ್ವ,” ಎಂದಳು. “ಸಾಕ್ ಬಿಡು. ನಾ ಇನ್ನ ಹೊಂಟೆ.”

“ಎಲ್ಲಿಗೆ ಹೊಂಟಿ ಚಿಗವ್ವಾ? ಏನಾತು?”

“ಹನ್ನೊಂದ ದಿನ ಆತು. ನಾಕಕ್ಕ ಸರಿಯಾಗಿ ರಿಂಗ ಕೊಡಾಕತ್ತೀನಿ. ನಿಂದು ತಿರುಗಿ ಬರವಲ್ದು. ಮೊದಲ ಎರಡ ದಿನ ಕೆಲಸದಾಗ ಇರಬೇಕು ಅಂದೆ. ಆಮ್ಯಾಲ ಸಿಟ್ಟಾಗ್ಯಾಳ ಅಂದೆ. ಹೋದ ಸಲ ಬಂದಾಗ ನಿನ್ನ ಗಂಡನ ಮುಂದ ನಿನ್ನ ಅಡಗಿ ಸಪ್ಪಗ ಅಂದಿದ್ನೆಲ್ಲ, ಅದಕ್ಕೇನೋ ಅಂತ. ಒಂಬತ್ತನೇ ದಿನಕ್ಕ ಎದಿ ಧಸಕ್ಕಂತು.”

“ಬೆಳಿಗ್ಗೆ ಒಂದು ಫೋನ್ ಮಾಡಿ ಕೇಳಬಾರದಾಗಿತ್ತೇನು?”

“ಹ್ಯಾಂಗ ಕೇಳ್ಲಿ? ಎತ್ತಿದವರು ನೀನಲ್ಲದಽ ಬ್ಯಾರೆ ಯಾರರ ಆಗಿದ್ರ?”

ಶಿವಗಂಗಾ ಫೋನು ತೆಗೆದು ನೋಡಿದಳು. ನಿಜ, ಚಿಗವ್ವನ ಕೊನೆಯ ರಿಂಗು ಬಂದು ಹನ್ನೊಂದು ದಿನವಾಗಿತ್ತು. ರಿಂಗು ಏಕೆ ಬಂದಿಲ್ಲ ಎಂಬುದಕ್ಕಿಂತ, ಬಂದಿಲ್ಲವೆಂದು ತನಗೆ ಗೊತ್ತೇ ಆಗಲಿಲ್ಲವಲ್ಲ ಎಂಬುದು ಅವಳನ್ನು ಚುಚ್ಚಿತು.

ಆ ರಿಂಗಿನ ಕಥೆ ಹಳೆಯದು. ಹಾಸ್ಟೆಲಿಗೆ ಹೊರಟ ಹುಡುಗಿಗೆ ಪಾರವ್ವ ಹೇಳಿದ್ದಳು: “ದಿನಾ ನಾಕಕ್ಕ ನಾ ಒಂದ ರಿಂಗ ಕೊಡ್ತೀನಿ, ನೀನೂ ಒಂದ ಕೊಡು. ನಾನೂ ಅದೀನಿ, ನೀನೂ ಅದಿ. ಮಾತು ಬ್ಯಾಡ.” ಆಮೇಲೆ ಮಾತು ಪುಕ್ಕಟೆಯಾಯಿತು, ಮುಖ ನೋಡಿ ಮಾತಾಡುವ ಕಾಲ ಬಂತು. ಆದರೂ ನಾಲ್ಕು ಗಂಟೆಯ ರಿಂಗು ನಿಲ್ಲಲಿಲ್ಲ. ಮೂರು ವರ್ಷದ ಹಿಂದೆ ಶಿವಗಂಗಾಳಿಗೆ ಸಭೆಗಳು ಹೆಚ್ಚಾದವು. ಚಿಗವ್ವನ ರಿಂಗು ಬಂದರೆ ತಾನೇ ತಿರುಗಿ ಒಂದು ರಿಂಗು ಕೊಡುವಂತೆ ಫೋನಿಗೆ ಹೇಳಿಟ್ಟು ಅದನ್ನು ಮರೆತೇಬಿಟ್ಟಳು. ಅಲ್ಲಿಂದ ಮುಂದೆ ಪಾರವ್ವ ‘ನಾನೂ ಅದೀನಿ’ ಎನ್ನುತ್ತಿದ್ದದ್ದು ಒಂದು ಯಂತ್ರಕ್ಕೆ. ‘ನೀನೂ ಅದಿ’ ಎಂಬ ಉತ್ತರ ಬರುತ್ತಿದ್ದದ್ದೂ ಯಂತ್ರದಿಂದಲೇ.

ಇದನ್ನು ಅಲ್ಲೇ ಬೇವಿನ ಕೆಳಗೆ ಹೇಳಿಬಿಡಬೇಕಿತ್ತು. ಬದಲಿಗೆ “ಫೋನು ಕೆಟ್ಟಿತ್ತು ಚಿಗವ್ವಾ” ಎಂದಳು. ಪಾರವ್ವ ಅದನ್ನು ತಕ್ಷಣ ನಂಬಿದಳು. ನಂಬಿಸುವುದು ಅಷ್ಟು ಸುಲಭವಾದದ್ದೇ ಶಿವಗಂಗಾಳಿಗೆ ಇನ್ನಷ್ಟು ನಾಚಿಕೆ ತಂದಿತು.

ಸಂಜೆ ಮನೆಯಲ್ಲಿ ಪಾರವ್ವ ಸುಮ್ಮನೆ ಕೂರಲಾರದೆ ರೊಟ್ಟಿ ಬಡಿಯಲು ಕೂತಳು. ಶಿವಗಂಗಾಳ ಗಂಡ ಶರಭಯ್ಯ ಗಣಿತದ ಮೇಷ್ಟ್ರು, ಮಾತಿನ ಪ್ರಿಯ. ಊರ ಸುದ್ದಿ ಏನು ಎಂದು ಕೇಳಿದ.

“ಊರ ಸುದ್ದಿ ಏನ್ ಕೇಳ್ತಿ. ನಮ್ಮ ಯಂಕೋಬನ ಕೈಯಿಂದ ಹುಟ್ಟು ಕಸಗೊಂಡ್ರು,” ಎಂದಳು ಪಾರವ್ವ.

ಯಂಕೋಬ ಹಾಲಗಡ್ಡಿಯ ಅಂಬಿಗ. ಗಡ್ಡೆಯಿಂದ ಆಚೆ ದಂಡೆಗೆ ಹೋಗಬೇಕೆಂದರೆ ಅವನ ಹರಿಗೋಲೇ ಗತಿ. ದವಾಖಾನೆ, ಶಾಲೆ, ಸಂತೆ ಎಲ್ಲ ಆಚೆಗೇ. ಅವನ ಅಪ್ಪ ಅಂಬಿಗನಾಗಿದ್ದಾಗ ಒಮ್ಮೆ ನಡುನೀರಿನಲ್ಲಿ ಫೋನು ಎತ್ತಲು ಹೋಗಿ ಹುಟ್ಟು ಬಿಟ್ಟನಂತೆ. ಹರಿಗೋಲು ಸುಳಿಗೆ ಸಿಕ್ಕು ಆರು ಕುರಿ ಹೋದವು, ಮನುಷ್ಯರು ಉಳಿದದ್ದೇ ಪುಣ್ಯ. ಅಂದಿನಿಂದ ಊರಿಗೊಂದು ನೇಮ: ಅಂಬಿಗನ ಫೋನಿಗೆ ಯಾರೂ ಮಾತಾಡಲು ಕರೆಯಬಾರದು. ಗಡ್ಡೆಯ ಕಡೆಯಿಂದ ಒಂದು ರಿಂಗು, ಆಚೆ ದಂಡೆಯಿಂದ ಎರಡು, ತಕ್ಷಣ ಕಟ್. ಫೋನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅವನ ರುಮಾಲಿನೊಳಗೆ ಇರುತ್ತಿತ್ತು. ರಿಂಗು ಎಣಿಸಿ ಹರಿಗೋಲು ತಿರುಗಿಸುತ್ತಿದ್ದ. ಮೂರನೆಯ ರಿಂಗು ಕೊಟ್ಟವನನ್ನು ಹರಿಗೋಲು ಮುಳುಗಿಸೋ ಮನುಷ್ಯ ಎಂದು ಊರೇ ಉಗಿಯುತ್ತಿತ್ತು.

“ಹನ್ನೆರಡಾದ್ರ ಮುಗೀತು ನೋಡು, ಎಷ್ಟ ರಿಂಗ ಕೊಟ್ರೂ ಬರವಲ್ಲ,” ಎಂದಳು ಪಾರವ್ವ. “ಟ್ರಿಣ್ ಅಂತ ಹೋಗೋದು ನಮ್ಮ ಕಿವಿಗೆ ಕೇಳ್ತೈತಿ. ಆದ್ರ ಆಂವ ಈ ದಂಡಿಗೆ ಆರಾಮ ಕುಂತಿರ್ತಾನ. ನಾನಽ ಕಣ್ಣಿನ ಪಟ್ಟಿ ಬಿಚ್ಚಿಸ್ಕೊಂಡು ಬರಾಗ ಹನ್ನೆರಡೂವರಿಯಿಂದ ಐದರ ತನಕ ಮರಳಾಗ ನಿಂತೆ. ಕೇಳಿದ್ರ, ರಿಂಗ ಬಂದಿಲ್ಲ ಅಂತಾನ. ಎಲ್ಲಾರಿಗೂ ಅದಽ ಮಾತು. ಮೊದಲ ಕುಡೀತಿದ್ದ, ಬಿಟ್ಟು ಆರ ವರ್ಷ ಆಗಿತ್ತು. ಮತ್ತ ಹಚ್ಯಾನ ಅಂದ್ರು.”

“ಕಿವಿ ಮಂದ ಆಗಿರಬೇಕು,” ಎಂದ ಶರಭಯ್ಯ.

“ಅದಕ್ಕ ಪಾಪ ತಾನಽ ಹೋಗಿ ಕಿವಿ ತೋರಿಸ್ಕೊಂಡು ಬಂದ. ಕಿವಿ ಚಲೋ ಅದಾವು ಅಂತ ಡಾಕ್ಟರ್ ಚೀಟಿ ಕೊಟ್ರು. ಆ ಚೀಟೀನಽ ಅವನಿಗೆ ಮುಳುವಾತು. ಕಿವಿ ಚಲೋ ಇದ್ರ ಸುಳ್ಳ ಹೇಳಾಕತ್ಯಾನ ಅಂತ ಆತಲ್ಲ? ಸೋಮವಾರ ಹುಣಸಿಗಿಡದ ಕಟ್ಟಿಗೆ ಕರಸಿದ್ರು. ಸುಗ್ಗ್ಯಾಗ ಅವನಿಗೆ ಮನಿಗೊಂದ ಮೊರ ಜೋಳ ಕೊಡ್ತೀವಿ, ಈ ಸಲ ಇಲ್ಲ ಅಂದ್ರು. ಹೇಣ್ತಿ ಹುಲಿಗೆಮ್ಮ ಎಲ್ಲಾರ ಮುಂದ ಅವನ ಬಾಯಿ ಮೂಸಿ ನೋಡಿದ್ಲು, ಯವ್ವಾ. ನೋಡಾಕ ಆಗ್ಲಿಲ್ಲ ನನಗ.”

“ಕಿವಿ ಸರಿ ಇದ್ದ ಮ್ಯಾಲ ಇನ್ನೇನು? ಕುಡದಿರಬೇಕು,” ಎಂದ ಶರಭಯ್ಯ ಲೆಕ್ಕ ಬಿಡಿಸಿದವನಂತೆ.

“ಈಗ ಪಾಳಿ ಮ್ಯಾಲ ಹರಿಗೋಲು ನಡಸ್ತಾರ. ಅವರಿಗೂ ಹಂಗಽ ಆಗಾಕತ್ತೈತಿ ಅಂತ ನನಗ ಅನುಮಾನ. ಆದ್ರ ಒಬ್ಬರೂ ಬಾಯಿ ಬಿಡವಲ್ಲರು. ಬಿಟ್ರ ಅವರ ಬಾಯೀನೂ ಮೂಸತಾರಲ್ಲ.”

ಶಿವಗಂಗಾಳ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಕರೆ ಹೊರಡುವ ಕಡೆಯದಾಗಲಿ, ತಲುಪುವ ಕಡೆಯದಾಗಲಿ, ಮಲಗಿದ ಕಂಬ ಏಳಲು ಎಂಟು ಸೆಕೆಂಡು ಬೇಕು. ಇದು ಅವಳಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತು. ಮಾತಾಡಲೆಂದು ಫೋನು ಹಿಡಿದವನಿಗೆ ಎಂಟು ಸೆಕೆಂಡು ಯಾವ ಲೆಕ್ಕ? ಅಷ್ಟು ಹೊತ್ತು ಅವನಿಗೆ ಬೇಸರವಾಗದಿರಲೆಂದು, ದೂರದ ದೊಡ್ಡ ಗೋಪುರವೊಂದು ಟ್ರಿಣ್ ಟ್ರಿಣ್ ಎಂಬ ಸದ್ದನ್ನು ಕಿವಿಗೆ ತುಂಬುತ್ತಿತ್ತು. ಅತ್ತ ಫೋನು ಇನ್ನೂ ಬಾರಿಸಿಯೇ ಇರುವುದಿಲ್ಲ. ಅದೊಂದು ಸಮಾಧಾನದ ಸುಳ್ಳು. ಅದನ್ನು ಸೇರಿಸಿದವಳೂ ಶಿವಗಂಗಾಳೇ. ಮಿಸ್ಡ್ ಕಾಲ್ ಕೊಡುವವರು ಮೂರನೆಯ ಸೆಕೆಂಡಿಗೆ ಕಟ್ ಮಾಡುತ್ತಾರೆ. ಕಂಬ ಕಣ್ಣು ಬಿಡುವುದರೊಳಗೆ ಕರೆದವರು ಹೋಗಿಯಾಗಿರುತ್ತಾರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು. ಎತ್ತು ಇಲ್ಲಿ ಹುಬ್ಬಳ್ಳಿಯಲ್ಲಿ ಕೂತು ಬಿಸಿ ರೊಟ್ಟಿ ತಿನ್ನುತ್ತಿತ್ತು.

ತನ್ನ ಅಡುಗೆಮನೆಯಲ್ಲೇ ಯಂಕೋಬನ ಮೇಲೆ ಎರಡನೆಯ ಸಲ ತೀರ್ಪು ಬಿದ್ದಾಗ ಅವಳು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಾಳೆ ಪರೀಕ್ಷಿಸಿ ನೋಡೋಣ, ಬೇರೆ ಕಾರಣವೂ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ವಿಜ್ಞಾನಿಗಳಿಗೆ ಈ ಒಂದು ಅನುಕೂಲ ಇದೆ. ಹೆದರಿಕೆಗೂ ಅವರು ಎಚ್ಚರಿಕೆ ಎಂದು ಹೆಸರಿಡಬಲ್ಲರು.

ಶುಕ್ರವಾರ ನಿಯಂತ್ರಣ ಕೊಠಡಿಯಲ್ಲಿ ದಾಖಲೆ ಹುಡುಕಿದಳು. ಹಾಲಗಡ್ಡಿಯ ಕಂಬದ ಹನ್ನೊಂದು ದಿನದ ಮಧ್ಯಾಹ್ನಗಳು ಒಗೆದ ಬಟ್ಟೆಯ ಹಾಗೆ ಸ್ವಚ್ಛ. ಎಂಟು ಸೆಕೆಂಡಿನೊಳಗೆ ಕಟ್ಟಾದ ಕರೆ ಕಸ, ಕಸವನ್ನು ಬರೆದಿಡಲು ಮತ್ತೆ ವಿದ್ಯುತ್ತು ಏಕೆ ಎಂದು ಆ ಸಾಲನ್ನೇ ಅಳಿಸಿದ್ದಳು. ಅಳಿಸುವಾಗ ಸಹಿ ಮಾಡಿದ್ದಳು. ಊರವರು ದೂರು ಕೊಟ್ಟದ್ದೇನೋ ನಿಜ. ಆದರೆ ಮೋಡಮನೆಯ ಮೇಲಲ್ಲ, ಯಂಕೋಬನ ಮೇಲೆ. ಆ ಸೊನ್ನೆ ಎಲ್ಲಿಂದ ಬಂತೆಂದು ಈಗ ತಿಳಿಯಿತು.

ಹಾಲಗಡ್ಡಿಯ ಕಂಬವನ್ನು ಮಾದರಿಯಾಗಿಟ್ಟು ಮಧ್ಯಾಹ್ನ ಪರೀಕ್ಷೆ ಮಾಡಿದಳು. ಒಂದು ರಿಂಗಿನ ನೂರು ಕರೆ ಕಳಿಸಿದಳು. ತಲುಪಿದ್ದು ಒಂದೂ ಇಲ್ಲ. ಫಲಿತಾಂಶ ತೆಗೆದುಕೊಂಡು ನಿರ್ದೇಶಕರ ಕೋಣೆಗೆ ಹೋದಳು.

ಮೃತ್ಯುಂಜಯ ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. “ಸರಿಪಡಿಸಲಿಕ್ಕೆ ಬರ್ತದೋ ಇಲ್ಲೋ?”

“ಬರ್ತದ ಸರ್. ಗಾಢ ನಿದ್ದೆ ಬಿಟ್ಟು ಬರೇ ಜೋಂಪಿನಾಗ ಇಟ್ರ ಒಂದೇ ಸೆಕೆಂಡಿಗೆ ಏಳ್ತಾವು. ಉಳಿತಾಯ ನಲವತ್ತೊಂದರಿಂದ ಮೂವತ್ನಾಲ್ಕಕ್ಕ ಇಳೀತದ. ಆ ಸುಳ್ಳು ಸದ್ದನ್ನೂ ತೆಗೀಬೇಕು.”

“ಹಂಗಾದ್ರ ತಗೀರಿ. ಮುಂದಿನ ತಿಂಗಳ ಅಪ್‌ಡೇಟಿನಾಗ ಸದ್ದಿಲ್ಲದಂಗ ಸೇರಿಸಿಬಿಡ್ರಿ. ಈಗ ಸೋಮವಾರ ಅದನ್ನ ಎತ್ತಬ್ಯಾಡ್ರಿ ಮೇಡಂ. ಇಷ್ಟು ವಿದ್ಯುತ್ತು ಉಳಿಸಿದ್ದು ಸಣ್ಣ ಮಾತಲ್ಲ. ಒಬ್ಬ ಅಂಬಿಗನ ಸಲುವಾಗಿ ಇಡೀ ಯೋಜನೆಗೆ ಕೆಟ್ಟ ಹೆಸರು ಬರಬೇಕೇನು? ದಾಖಲೆ ಇಲ್ಲ, ದೂರು ಇಲ್ಲ. ನೀವು ಹೇಳದಿದ್ರ ಯಾರಿಗೂ ಗೊತ್ತಾಗಂಗಿಲ್ಲ.”

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅರ್ಧ ಗಂಟೆ ಶಿವಗಂಗಾಳಿಗೂ ಅದೇ ಸರಿ ಎನ್ನಿಸಿತು, ಹಗುರವೂ ಆಯಿತು. ಕಂಬ ಸರಿಯಾಗುತ್ತದೆ, ರಿಂಗು ಹೋಗುತ್ತದೆ, ಎಲ್ಲ ಮೊದಲಿನಂತೆ. ಮೊದಲಿನಂತಾಗದೆ ಉಳಿಯುವುದು ಒಂದೇ ಒಂದು: ಊರ ಮುಂದೆ ಬಾಯಿ ಮೂಸಿಸಿಕೊಂಡ ಮನುಷ್ಯ ಹಾಗೆಯೇ ಉಳಿಯುತ್ತಾನೆ. ಮುಂದಿನ ತಿಂಗಳಿಂದ ರಿಂಗು ತಲುಪತೊಡಗಿದರೆ ಜನ ಏನೆನ್ನುತ್ತಾರೆ? ನೋಡ್ರಿ, ಯಂಕೋಬನನ್ನು ತೆಗೆದ ಮೇಲೆ ಎಲ್ಲ ಸರಿಹೋಯಿತು ಎನ್ನುತ್ತಾರೆ. ಅವಳ ರಿಪೇರಿಯೇ ಅವನ ಮೇಲೆ ಕೊನೆಯ ಸಾಕ್ಷಿಯಾಗುತ್ತದೆ.

ಮತ್ತೆ ನಿರ್ದೇಶಕರ ಕೋಣೆಗೆ ಹೋದಳು. “ಭಾನುವಾರ ನಾ ಊರಿಗೆ ಹೋಗಿ ಹೇಳಿ ಬರ್ತೀನಿ ಸರ್,” ಎಂದಳು. “ಸೋಮವಾರ ಸಭೆಯಲ್ಲೂ ಹೇಳ್ತೀನಿ.”

“ನಿಮ್ಮ ಹೆಸರಿಗೇ ಮಸಿ,” ಎಂದರು ಮೃತ್ಯುಂಜಯ.

ಭಾನುವಾರ ಪಾರವ್ವನ ಜೊತೆ ಬಸ್ಸು ಹತ್ತಿ, ಬಿಸಿಲೇರುವ ಹೊತ್ತಿಗೆ ನದಿ ದಾಟಿದಳು. ಪಾಳಿಯ ಹುಟ್ಟು ಹಿಡಿದವನು ಅವಳತ್ತ ನೋಡದೆ ಹರಿಗೋಲು ನಡೆಸಿದ. ಗಾಢ ನಿದ್ದೆಯನ್ನು ಅವಳು ಬೇಕೆಂದೇ ಇನ್ನೂ ತೆಗೆದಿರಲಿಲ್ಲ. ಸಂಜೆ ಐದಕ್ಕೆ ಅದು ತೆಗೆದುಹೋಗುವಂತೆ ಏರ್ಪಾಡು ಮಾಡಿ ಬಂದಿದ್ದಳು.

ಮಧ್ಯಾಹ್ನ ಹುಣಸೆಮರದ ಕೆಳಗಿನ ಕಟ್ಟೆಗೆ ಊರು ಸೇರಿತು. ಓದಿದ ಮಗಳು ಏನೋ ಹೇಳುತ್ತಾಳಂತೆ ಎಂದು ಜನ ಖುಷಿಯಿಂದಲೇ ಬಂದಿದ್ದರು. ಹಿರಿಯ ಸಾಬಣ್ಣ ಅವಳಿಗೆ ಕುರ್ಚಿ ತರಿಸಿದ. ಅವಳು ಕೂರಲಿಲ್ಲ. ಯಂಕೋಬ ಗುಂಪಿನ ಹಿಂದೆ, ಎಮ್ಮೆ ಕಟ್ಟುವ ಗೂಟದ ಹತ್ತಿರ ನಿಂತಿದ್ದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನನ್ನು ಈಗ ರುಮಾಲಿನಲ್ಲಿಡದೆ ಅಂಗೈಯಲ್ಲೇ ಹಿಡಿದುಕೊಂಡಿದ್ದ. ಹುಟ್ಟು ಹೋದ ಮೇಲೂ ಅವನು ದಿನವಿಡೀ ಅದನ್ನೇ ನೋಡುತ್ತ ಕೂರುತ್ತಾನೆಂದು ಪಾರವ್ವ ಹೇಳಿದ್ದಳು.

“ಯಂಕೋಬಣ್ಣ, ಮುಂದ ಬಾ,” ಎಂದಳು ಶಿವಗಂಗಾ. ಅವನು ಅಲುಗಲಿಲ್ಲ. ಅವಳೇ ಜನರನ್ನು ಸರಿಸಿಕೊಂಡು ಅವನ ಹತ್ತಿರ ಹೋದಳು. “ಸಾಬಣ್ಣಮಾವ, ನೀ ಅಲ್ಲಿಂದ ಇವನಿಗೆ ಒಂದ ರಿಂಗ ಕೊಡು. ಸ್ಪೀಕರ್ ಹಾಕು, ಎಲ್ಲಾರೂ ಕೇಳ್ಲಿ. ದಿನಾ ಹ್ಯಾಂಗ ಕೊಡ್ತಿದ್ದಿರೋ ಹಂಗಽ ಕೊಡು.”

ಸಾಬಣ್ಣ ಫೋನು ಒತ್ತಿದ. ಟ್ರಿಣ್ ಎಂದಿತು, ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವ ಹಾಗೆ. ಯಂಕೋಬನ ಅಂಗೈಯಲ್ಲಿದ್ದ ಫೋನು ಕಲ್ಲಿನ ಹಾಗೆ ಸುಮ್ಮನಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಇನ್ನೊಮ್ಮೆ ಕೊಡು,” ಎಂದು ಯಾರೋ ಕೂಗಿದರು. ಮತ್ತೆ ಟ್ರಿಣ್, ಮತ್ತೆ ಮೌನ. ಹುಲಿಗೆಮ್ಮ ಗುಂಪು ಸೀಳಿಕೊಂಡು ಬಂದು ಗಂಡನ ಫೋನಿನ ಮೇಲೆ ಬಾಗಿ ನೋಡಿದಳು. ಮೂರನೆಯ ಸಲ ಅವಳೇ ತನ್ನ ಫೋನಿನಿಂದ ಕೊಟ್ಟಳು. ಒಂದು ಕಿವಿಯಲ್ಲಿ ಸದ್ದು ಕೇಳುತ್ತಿತ್ತು. ಕಣ್ಣ ಮುಂದಿನ ಫೋನಿನಲ್ಲಿ ಏನೂ ಇರಲಿಲ್ಲ.

“ಹಂಗಾದ್ರ ಈ ಟ್ರಿಣ್ ಅನ್ನೋದು ಏನು?” ಎಂದ ಸಾಬಣ್ಣ.

“ಅದು ಸುಳ್ಳ ಸದ್ದು ಮಾವ. ಅದನ್ನ ಹಾಕಿಸಿದಾಕಿ ನಾನು.” ಶಿವಗಂಗಾ ಅಲ್ಲಿಗೇ ನಿಲ್ಲಿಸಲಿಲ್ಲ. ಕಂಬಗಳನ್ನು ಮಲಗಿಸಿದ್ದು ನಾನು, ಎಂಟು ಸೆಕೆಂಡು ಇಟ್ಟದ್ದು ನಾನು, ನಿಮ್ಮ ರಿಂಗನ್ನು ಕಸ ಅಂದದ್ದು ನಾನು ಎಂದಳು. ಇದೇ ಗಡ್ಡೆಯ ಮೇಲೆ ಒಂದು ರಿಂಗು ಎರಡು ರಿಂಗು ಎಣಿಸುತ್ತಲೇ ಬೆಳೆದವಳು ನಾನು. ಗೊತ್ತಿಲ್ಲದೆ ಮಾಡಿದೆ ಅನ್ನಲಿಕ್ಕೂ ನನಗೆ ಬಾಯಿಲ್ಲ ಎಂದಳು. “ಯಂಕೋಬಣ್ಣ ಹೇಳಿದ್ದು ಒಂದೊಂದೂ ಖರೆ. ರಿಂಗ ಬಂದಿದ್ದಿಲ್ಲ. ತಪ್ಪು ನಂದು.”

ಪಾಳಿಯ ಹುಟ್ಟು ಹಿಡಿದವರಿಬ್ಬರು ತಲೆ ತಗ್ಗಿಸಿದರು. ಒಬ್ಬ ಮೆಲ್ಲಗೆ, “ನನಗೂ ಬಂದಿದ್ದಿಲ್ರಿ,” ಎಂದ.

ಯಂಕೋಬ ಅವಳನ್ನು ನೋಡಲೇ ಇಲ್ಲ. ಹೆಂಡತಿಯ ಕಡೆ ತಿರುಗಿದ. “ಕೇಳಿದೇನು?” ಎಂದ, ಅಷ್ಟೇ. ಹುಲಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಾಬಣ್ಣ ಎದ್ದು, ಕಟ್ಟೆಯ ಮೂಲೆಗೆ ಒರಗಿಸಿದ್ದ ಹುಟ್ಟನ್ನು ತಂದು ಚಾಚಿದ. “ತಗೋಪಾ. ಆದದ್ದಾತು.”

ಯಂಕೋಬ ಕೈ ಚಾಚಲಿಲ್ಲ. “ಕಸಗೊಳ್ಳಾಗ ಊರ ಎಲ್ಲಾ ಇತ್ತು ಮಾವ. ಇವತ್ತ ಅರ್ಧ ಊರು ಹೊಲದಾಗ ಐತಿ. ಎಲ್ಲಾರೂ ಇದ್ದಾಗ ಕೊಡ್ರಿ, ತಗೊಂತೀನಿ.” ಆಮೇಲೆ ಮೊದಲ ಸಲ ಶಿವಗಂಗಾಳತ್ತ ನೋಡಿದ. “ತಂಗಿ, ಎರಡ ವಾರ ನಾ ನನ್ನ ಕಿವೀನಽ ನಂಬಿದ್ದಿಲ್ಲ. ಕಡೀಕ ಖರೇನಽ ಕುಡದೀನೇನೋ, ನನಗಽ ನೆಪ್ಪಿಲ್ಲೇನೋ ಅಂತ ಅನ್ನಿಸಾಕತ್ತಿತ್ತು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಹೊರಡುವಾಗ ಪಾರವ್ವ ಹರಿಗೋಲಿನವರೆಗೆ ಬಂದಳು. ಜೊತೆಗೆ ನಾಲ್ಕಾರು ಹೆಂಗಸರು. ಶಿವಗಂಗಾ ಎಷ್ಟು ತಲೆ ತಗ್ಗಿಸಿ ನಡೆಯುತ್ತಿದ್ದಳೋ ಪಾರವ್ವ ಅಷ್ಟು ತಲೆ ಎತ್ತಿ ನಡೆಯುತ್ತಿದ್ದಳು. ಹೆಂಗಸರಿಗೆ ಹೇಳುತ್ತಿದ್ದಳು: “ತಪ್ಪು ಯಾರು ಮಾಡಂಗಿಲ್ಲ? ಬಂದು ಹೇಳಿದ್ಲಲ್ಲ, ಅದು ದೊಡ್ಡದು. ಮಗಳಂದ್ರ ಇವಳು. ನಾ ನಾಕಕ್ಕ ರಿಂಗ ಕೊಟ್ರ, ಕಣ್ಣ ಮುಚ್ಚಿ ತೆಗಿಯೂದ್ರಾಗ ತಿರುಗಿ ಬರ್ತೈತಿ. ಒಂದ ದಿನ ಹೆಚ್ಚಿಲ್ಲ, ಕಡಿಮಿಲ್ಲ. ಎಂಥಾ ಕೆಲಸ ಇದ್ರೂ ನಾಕು ಬಡಿಯೂದ್ರಾಗ ಫೋನ ಕೈಯಾಗ ಹಿಡಕೊಂಡು ಕುಂತಿರ್ತಾಳ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಶಿವಗಂಗಾಳಿಗೆ. ಊರಿಗೆಲ್ಲ ತಪ್ಪು ಹೇಳಿದವಳು ಇದೊಂದನ್ನು ಹೇಳದೆ ಹರಿಗೋಲು ಹತ್ತಿದಳು. ನಡುನೀರಿನಲ್ಲಿ ಫೋನು ತೆಗೆದು, ಮೂರು ವರ್ಷದ ಹಿಂದೆ ತಾನೇ ಇಟ್ಟಿದ್ದ ಆ ಏರ್ಪಾಡನ್ನು ಅಳಿಸಿದಳು.

ಸೋಮವಾರದ ಸಭೆ ಅವಳು ಎಣಿಸಿದ್ದಕ್ಕಿಂತ ಕೆಟ್ಟದಾಗಿತ್ತು. ಉಳಿತಾಯ ಮೂವತ್ನಾಲ್ಕು ಎಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯೋಜನೆಯನ್ನು ರಾಜ್ಯಕ್ಕೆಲ್ಲ ಹರಡುವುದು ಆರು ತಿಂಗಳು ಮುಂದಕ್ಕೆ ಹೋಯಿತು. ಎತ್ತದ ಕರೆಯನ್ನೂ ಮಾತೆಂದೇ ಎಣಿಸಬೇಕು, ಪೂರ್ತಿ ಮಾತಿನಷ್ಟೇ ತೂಕ ಕೊಡಬೇಕು ಎಂಬ ಅವಳ ಹೊಸ ಸಾಲಿನ ಮೇಲೆ ಚರ್ಚೆ ಎಳೆಯಿತು. ಅಂದು ನಕ್ಕವರಲ್ಲೇ ಒಬ್ಬರು, “ಹಿಂದೆ ನೀವೇ ಅಲ್ಲವೇ ಮೇಡಂ ಇದನ್ನು ಕಸ ಅಂದದ್ದು?” ಎಂದು ನಯವಾಗಿ ಕೇಳಿದರು. “ಹೌದು, ನಾನೇ,” ಎಂದಳು.

ಸರಿಯಾಗಿ ನಾಲ್ಕಕ್ಕೆ ಮೇಜಿನ ಮೇಲಿದ್ದ ಫೋನು ಒಮ್ಮೆ ಟ್ರಿಣ್ ಎಂದು ಸುಮ್ಮನಾಯಿತು. ಸಭೆ ಅತ್ತ ನೋಡಿತು. ಶಿವಗಂಗಾ ಫೋನು ಎತ್ತಿಕೊಂಡು ಹೊರಗೆ ಬಂದಳು. ಅಭ್ಯಾಸ ತಪ್ಪಿದ ಬೆರಳಿಗೆ ಹೆಸರು ಹುಡುಕಲು ಹೊತ್ತು ಹಿಡಿಯಿತು, ಒಮ್ಮೆ ತಪ್ಪು ನಂಬರ್ ಒತ್ತಿದಳು. ಕೊನೆಗೆ ಒಂದು ರಿಂಗು ಕೊಟ್ಟು ಕಟ್ ಮಾಡಿದಳು. ಮರುಗಳಿಗೆ ಫೋನು ಬಾರಿಸಿತು, ನಿಲ್ಲದೆ ಬಾರಿಸುತ್ತಲೇ ಇತ್ತು. ಅವಳು ಎತ್ತಿದಳು.

“ಏನಾತ ಯವ್ವಾ? ಇವತ್ತ ತಡ ಆತು?” ಪಾರವ್ವನ ದನಿಯಲ್ಲಿ ಗಾಬರಿ. “ಇಷ್ಟ ವರ್ಷದಾಗ ಒಂದ ದಿನ ತಡ ಮಾಡಿದ್ದಿಲ್ಲ ನೀ. ಆರಾಮ ಅದೀಯಿಲ್ಲೋ?”

“ಆರಾಮ ಅದೀನಿ ಚಿಗವ್ವಾ.” ಶಿವಗಂಗಾ ಗೋಡೆಗೆ ಒರಗಿದಳು. ಒಳಗಿನ ಸಭೆಯಲ್ಲಿ ಹೇಳಿದ್ದಕ್ಕಿಂತ ಇದು ಕಷ್ಟದ್ದು. “ಮೂರ ವರ್ಷದಿಂದ ಆ ರಿಂಗ ಕೊಡ್ತಿದ್ದಾಕಿ ನಾನಲ್ಲ. ಫೋನಽ ತಾನಾಗಿ ಕೊಡ್ತಿತ್ತು. ನಾ ನೋಡ್ತಿದ್ದಿಲ್ಲ ಸೈತ. ನಿಂದು ಹನ್ನೊಂದ ದಿನ ಬರದಿದ್ದದ್ದೂ ಅದಕ್ಕಽ ಗೊತ್ತಾಗ್ಲಿಲ್ಲ ನನಗ. ಇವತ್ತ ಕೊಟ್ಟಾಕಿ ನಾನು.”

ಅತ್ತ ಸದ್ದಿಲ್ಲ. ಶಿವಗಂಗಾ ಅಭ್ಯಾಸಬಲದಿಂದ ಸೆಕೆಂಡು ಎಣಿಸಿದಳು. ಎಂಟು ದಾಟಿತು, ಹತ್ತು ದಾಟಿತು. ಹಿನ್ನೆಲೆಯಲ್ಲಿ ಎಮ್ಮೆಯೊಂದು ಕೂಗಿತು, ಯಾರೋ ಆಚೆ ದಂಡೆಗೆ ಹೋಗುವವರನ್ನು ಕರೆಯುತ್ತಿದ್ದರು.

“ಹಂಗಾದ್ರ ನಾಳಿಂದ ತಡಾನಽ ಆಗ್ಲಿ ಬಿಡು,” ಎಂದು ಪಾರವ್ವ ಫೋನು ಕಟ್ ಮಾಡಿದಳು.